ಹಳೆ ಟ್ರ್ಯಾಕ್ಟರ್ ಮಾರುವ ಮುನ್ನ

ಗದಗ ಜಿಲ್ಲೆಯ ಶಿಗ್ಲಿಯ ಸುತ್ತಮುತ್ತಲಿನ ರೈತ ಮನೆತನಗಳಲ್ಲಿ ಹೊಲ ಮತ್ತು ಮನೆ ಬಿಟ್ಟರೆ ಅತಿ ಹೆಚ್ಚು ದುಡ್ಡು ಹೂಡಿರುವುದು ಟ್ರ್ಯಾಕ್ಟರಿನ ಮೇಲೆ. ಒಂದು ತೊಲ ಬಂಗಾರ ಕೊಳ್ಳಲು ಲಕ್ಷ್ಮೇಶ್ವರದಲ್ಲಿ ನಾಲ್ಕು ಅಂಗಡಿ ಹತ್ತಿಳಿಯುವ ಮಂದಿ, ಲಕ್ಷಗಟ್ಟಲೆ ಬೆಲೆಯ ಟ್ರ್ಯಾಕ್ಟರ್ ಮಾರುವಾಗ ಮಾತ್ರ ದಲಾಲ ಹೇಳಿದ ರೇಟಿಗೆ ಒಪ್ಪಿ, ಸಂಚಕಾರ ತಗೊಂಡು, ಕೀಲಿ ಕೈಗೆ ಕೊಟ್ಟುಬಿಡುತ್ತಾರೆ. ಚೆನ್ನಾಗಿ ಜೋಪಾನ ಮಾಡಿದ ಯಂತ್ರಕ್ಕೂ ಹಾಳುಗೆಡವಿದ ಯಂತ್ರಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ ಸಿಗುವುದನ್ನು ನೋಡಿ ನನಗೆ ಬಹಳ ಸಲ ಸಂಕಟವಾಗಿದೆ.

2014ರಲ್ಲಿ 6,20,000 ರೂಪಾಯಿಗೆ ಕೊಂಡಿದ್ದ ನನ್ನ 45 ಎಚ್‌ಪಿ ಟ್ರ್ಯಾಕ್ಟರನ್ನು ಈ ವರ್ಷ ಕಡಲೆ ರಾಶಿ ಮುಗಿದ ಮೇಲೆ 3,10,000ಕ್ಕೆ ಮಾರಿದೆ. ಅರ್ಧ ಬೆಲೆ ವಾಪಸ್ ಬಂತಲ್ಲ, ಲಾಭದ ವ್ಯಾಪಾರ ಎಂದು ಊರವರು ಹೇಳಿದರು. ಲೆಕ್ಕ ಅಷ್ಟು ಸರಳವಿಲ್ಲ.

ಕೃಷಿ ಎಂಜಿನಿಯರಿಂಗ್ ಪಠ್ಯಗಳು ಟ್ರ್ಯಾಕ್ಟರಿನ ಆಯುಷ್ಯವನ್ನು ಸಾಮಾನ್ಯವಾಗಿ 10,000 ತಾಸು ಎಂದು ಹಿಡಿಯುತ್ತವೆ. ವರ್ಷಕ್ಕೆ 1,000 ತಾಸಿನಂತೆ 10 ವರ್ಷ, ಕೊನೆಗೆ ಉಳಿಯುವ ಬೆಲೆ ಕೊಂಡ ಬೆಲೆಯ ಶೇ 10. ಆ ಪ್ರಕಾರ ನನ್ನ ಟ್ರ್ಯಾಕ್ಟರಿನ ಸವಕಳಿ ತಾಸಿಗೆ 56 ರೂಪಾಯಿಯ ಒಳಗೇ ಇರಬೇಕಿತ್ತು. ಆದರೆ ಅದರ ಮೀಟರಿನಲ್ಲಿ ಇದ್ದದ್ದು ನಾಲ್ಕು ಸಾವಿರ ತಾಸಿನ ಆಸುಪಾಸು. ಕಳೆದುಕೊಂಡ 3,10,000 ರೂಪಾಯಿಯನ್ನು ಅಷ್ಟು ತಾಸಿಗೆ ಹಂಚಿದರೆ ತಾಸಿಗೆ 77 ರೂಪಾಯಿ ದಾಟುತ್ತದೆ. ಮಾರಿದ ಬೆಲೆ ಒಳ್ಳೆಯದೇ. ಯಂತ್ರ ಬಹಳ ಕಾಲ ಸುಮ್ಮನೆ ನಿಂತದ್ದರಿಂದ ಓಡಿದ ಪ್ರತಿ ತಾಸೂ ತುಟ್ಟಿಯಾಯಿತು.

ಅದು ಸುಮ್ಮನೆ ನಿಲ್ಲಲು ಕಾರಣ ಎಲ್ಲರಿಗೂ ಗೊತ್ತು. ಒಂದು ಕಾಲಕ್ಕೆ ಮುಂಗಾರಿಗೆ ಮುಂಚೆ ಬಾಡಿಗೆ ಹೊಡೆಯಲು ಹಗಲು ರಾತ್ರಿ ಸಾಲುತ್ತಿರಲಿಲ್ಲ. ಈಗ ಓಣಿಗೆ ಎರಡು ಮೂರು ಟ್ರ್ಯಾಕ್ಟರ್ ಬಂದಿವೆ. 2014-15ರಿಂದ ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳೂ ಬಾಡಿಗೆಗೆ ಯಂತ್ರ ಕೊಡುತ್ತಿವೆ. ಕೊನೆಯ ವರ್ಷಗಳಲ್ಲಿ ನನ್ನದು ವರ್ಷಕ್ಕೆ 150 ತಾಸಿನ ಹತ್ತಿರ ಬಂದು ನಿಂತಿತ್ತು. ಮಾರಿದರೆ ಕೈಗೆ ಬರುವ ಮೂರು ಲಕ್ಷ ರೂಪಾಯಿಗೆ ಶೇ 7ರ ಬಡ್ಡಿ ಹಿಡಿದರೆ ವರ್ಷಕ್ಕೆ 21,000. ಅದನ್ನು 150 ತಾಸಿಗೆ ಹಂಚಿದರೆ, ಡೀಸೆಲ್ ಹಾಕುವ ಮೊದಲೇ ಪ್ರತಿ ತಾಸಿಗೆ 140 ರೂಪಾಯಿ ಖರ್ಚು. ವಿಮೆ, ಬ್ಯಾಟರಿ, ಬಿಸಿಲಿಗೆ ಬಿರುಕು ಬಿಡುವ ಟೈರು ಇದರ ಮೇಲೆ. ಈ ಲೆಕ್ಕ ಹಾಳೆಯ ಮೇಲೆ ಬರೆದ ದಿನವೇ ಮಾರಬೇಕೆಂದು ನಿಶ್ಚಯಿಸಿದೆ. ಯಂತ್ರದ ಮೇಲೆ ಪ್ರೀತಿ ಇದ್ದವರು ಈ ಲೆಕ್ಕವನ್ನು ವರ್ಷಕ್ಕೊಮ್ಮೆಯಾದರೂ ಹಾಕಬೇಕು.

ಬೆಲೆ ಕಟ್ಟುವಾಗ ಈ ಸಲ ಇನ್ನೊಂದು ಸಂಗತಿ ಅಡ್ಡ ಬಂತು. 2025ರ ಸೆಪ್ಟೆಂಬರ್ 22ರಿಂದ ಹೊಸ ಟ್ರ್ಯಾಕ್ಟರಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. 45 ಎಚ್‌ಪಿ ಟ್ರ್ಯಾಕ್ಟರ್ ಸುಮಾರು 45,000 ರೂಪಾಯಿ ಅಗ್ಗವಾಗುತ್ತದೆ ಎಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಆಗ ಹೇಳಿದ್ದರು. ಕೊಳ್ಳುವವರಿಗೆ ಅದು ಸಿಹಿ ಸುದ್ದಿ. ಆದರೆ ಹೊಸದರ ಬೆಲೆ ಇಳಿದ ದಿನವೇ ಹಳೆಯದರ ಬೆಲೆಯೂ ಅದರ ಹಿಂದೆಯೇ ಇಳಿಯುತ್ತದೆ. ಹಾಗಾಗಿ ಊರಲ್ಲಿ ಯಾರೋ ಎರಡು ವರ್ಷದ ಹಿಂದೆ ಮಾರಿದ ಬೆಲೆ ಹಿಡಿದು ಕೂಡುವುದರಲ್ಲಿ ಅರ್ಥವಿಲ್ಲ. ಶೋರೂಮಿಗೆ ಹೋಗಿ ಇವತ್ತಿನ ಹೊಸ ಬೆಲೆ ಕೇಳಿ, ಅಲ್ಲಿಂದ ಕೆಳಗೆ ಇಳಿಯುತ್ತ ಬರಬೇಕು.

ಕೊಳ್ಳಲು ಬಂದವರು ಸೂರಣಗಿ ಕಡೆಯ ಒಬ್ಬ ಹಿರಿಯರು, ಜೊತೆಗೆ ಅವರ ಮಗ. ಆ ಹಿರಿಯರು ಯಂತ್ರ ನೋಡಿದ ರೀತಿ ನನಗೆ ಬಹಳ ಮೆಚ್ಚುಗೆಯಾಯಿತು. ಮೊದಲು ಎಂಜಿನ್ ಮೇಲೆ ಅಂಗೈ ಇಟ್ಟರು. ತಣ್ಣಗಿದ್ದರೆ ಮಾತ್ರ ಮುಂದಿನ ಮಾತು, ಏಕೆಂದರೆ ಬೆಳಿಗ್ಗೆಯೇ ಬಿಸಿ ಮಾಡಿಟ್ಟ ಎಂಜಿನ್ ಯಾವ ರೋಗವಿದ್ದರೂ ಒಂದೇ ಸಲಕ್ಕೆ ಚಾಲೂ ಆಗುತ್ತದೆ. ಚಾಲೂ ಆದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ಅಲ್ಲಿಂದ ಹೊಗೆ ಉಗಿಯುತ್ತದೆಯೇ ನೋಡಿದರು. ಉಗಿದರೆ ರಿಂಗು, ಪಿಸ್ಟನ್ ಸವೆದಿವೆ ಎಂದು ಅರ್ಥ. ಎಂಜಿನ್ ಬಂದ್ ಮಾಡಿಸಿ ಡಿಪ್‌ಸ್ಟಿಕ್ ಎಳೆದು ಆಯಿಲನ್ನು ಎರಡು ಬೆರಳ ನಡುವೆ ಉಜ್ಜಿದರು. ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ. ಆಮೇಲೆ ರೂಟರ್ (ರೋಟವೇಟರ್) ಕಟ್ಟಿಸಿ, ಹೈಡ್ರಾಲಿಕ್‌ನಲ್ಲಿ ಎತ್ತಿಸಿ, ಎಂಜಿನ್ ಆರಿಸಿ, ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತರು. ಅಡಿಕೆ ಜಗಿದು ಮುಗಿಯುವವರೆಗೂ ರೂಟರ್ ಕೆಳಗೆ ಜಾರಲಿಲ್ಲ.

ಕೊನೆಗೆ ಮೀಟರ್. "ತಾಸು ಎಷ್ಟ ಆಗ್ಯಾವ್ರಿ, ಖರೇ ಹೇಳ್ರಿ" ಅಂದರು. ಎರೆ ಹೊಲದಲ್ಲಿ ಓಡುವ ನಮ್ಮ ಎಂಜಿನ್ನಿನ ಆಯುಷ್ಯ ಅಳೆಯುವುದು ಕಿಲೊಮೀಟರಿನಲ್ಲಲ್ಲ, ತಾಸಿನಲ್ಲಿ. ಆದರೆ ಕೇಬಲ್ ಇರುವ ಹಳೆ ಮೀಟರ್ ಗಡಿಯಾರದ ಹಾಗೆ ಓಡುವುದಿಲ್ಲ. ಎಂಜಿನ್ ತಿರುಗಿದ ಲೆಕ್ಕ ಅದು. ನಿಗದಿತ ವೇಗದಲ್ಲಿ ತಿರುಗಿದರೆ ಮಾತ್ರ ಒಂದು ತಾಸಿಗೆ ಒಂದು ತಾಸು ತೋರಿಸುತ್ತದೆ, ನಿಧಾನ ತಿರುಗಿದರೆ ಕಡಿಮೆ. ಕೇಬಲ್ ಬಿಚ್ಚಿಟ್ಟರೆ ಮುಂದೆ ಓಡುವುದೇ ಇಲ್ಲ. ಅದಕ್ಕೇ ಬಲ್ಲವರು ಮೀಟರಿನ ಜೊತೆಗೆ ಕ್ಲಚ್ ಪೆಡಲಿನ ಸವೆತ, ಸ್ಟೇರಿಂಗ್ ಸಡಿಲ, ಮುಂದಿನ ಗಾಲಿಯ ಅಲುಗಾಟವನ್ನೂ ನೋಡುತ್ತಾರೆ.

ಅವರ ಸಂಶಯ ಕಳೆದದ್ದು ಒಂದು ನೋಟ್‌ಬುಕ್. ಆಯಿಲ್ ಬದಲಿಸಿದಾಗ, ಫಿಲ್ಟರ್ ಹಾಕಿಸಿದಾಗ, ಕ್ಲಚ್ ಪ್ಲೇಟ್ ಬದಲಿಸಿದಾಗ ತಾರೀಖು ಮತ್ತು ಮೀಟರಿನ ತಾಸು ಅದರಲ್ಲಿ ಬರೆದಿಟ್ಟಿದ್ದೆ, ಬಿಲ್ಲುಗಳನ್ನು ಅಲ್ಲೇ ಪಿನ್ ಮಾಡಿದ್ದೆ. ಸುಮಾರು 250 ತಾಸಿಗೊಮ್ಮೆ ಎಂಜಿನ್ ಆಯಿಲ್ ಬದಲಾದದ್ದು ಪುಟದಿಂದ ಪುಟಕ್ಕೆ ಕಾಣುತ್ತಿತ್ತು. ದಲಾಲ 2,70,000 ಅಂದಿದ್ದ ಯಂತ್ರಕ್ಕೆ ಈ ಹಿರಿಯರು ಪುಟ ತಿರುವಿ ನೋಡಿ 40,000 ಹೆಚ್ಚು ಕೊಟ್ಟರು. ಕೊಳ್ಳುವವನು ಕಣ್ಣಿಗೆ ಕಾಣದ್ದಕ್ಕೆಲ್ಲ ಒಂದಿಷ್ಟು ಬೆಲೆ ಮುರಿದುಕೊಂಡೇ ರೇಟು ಹೇಳುತ್ತಾನೆ. ಮುರಿಯಲು ಕಾರಣ ಇಲ್ಲದ ಹಾಗೆ ಮಾಡುವುದು ಮಾರುವವನ ಕೈಯಲ್ಲಿದೆ, ಅದೂ ಕೊಂಡ ಮೊದಲ ವರ್ಷದಿಂದಲೇ.

ಇನ್ನು ಕಾಗದ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಮ್ಮ ಕಡೆ ಬಾಂಡ್ ಪೇಪರ್ ಮೇಲೆ ಬರೆಸಿ ಸಹಿ ಮಾಡಿಸಿಕೊಂಡರೆ ಮುಗಿಯಿತು ಎಂಬ ನಂಬಿಕೆ ಇದೆ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ: ಗಾಡಿ ಎಷ್ಟು ಕೈ ದಾಟಿದ್ದರೂ, ಅಪಘಾತದ ದಿನ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲೀಕರು. ಮೆಣಸಿನಕಾಯಿ ಬಿಡಿಸಲು ಹೋಗುವ ಹೆಣ್ಣುಮಕ್ಕಳನ್ನು ಟ್ರೇಲರಿನಲ್ಲಿ ಕೂರಿಸಿಕೊಂಡು ಹೋಗುವುದನ್ನು ನಾವು ದಿನಾ ನೋಡುತ್ತೇವೆ. ಅಂಥ ಗಾಡಿ ಪಲ್ಟಿಯಾಗಿ, ಅದರ ವಿಮೆಯೂ ಮುಗಿದಿದ್ದರೆ, ಲಕ್ಷಾಂತರ ರೂಪಾಯಿ ಪರಿಹಾರದ ನೋಟಿಸು ಎಂದೋ ಮಾರಿ ಮರೆತವನ ಮನೆಗೆ ಬರುತ್ತದೆ. ಮಾರಿದ ದುಡ್ಡಿನ ಜೊತೆ ಹೊಲವೂ ಹೋಗಬಹುದು.

ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ಒಂದೇ ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ಮಾರಿದವರೇ ಆರ್‌ಟಿಒಗೆ ತಿಳಿಸಬೇಕು. ಅದಕ್ಕೆ ಫಾರಂ 29, ಹೆಸರು ಬದಲಾವಣೆಗೆ ಫಾರಂ 30, ಸಾಲ ಇದ್ದರೆ ಅದು ತೀರಿದ್ದಕ್ಕೆ ಬ್ಯಾಂಕಿನ ಸಹಿಯ ಫಾರಂ 35. ಸಾಲ ತೀರಿದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತಾನಾಗಿ ಅಳಿಯುವುದಿಲ್ಲ. ಕೊನೆಯ ಕಂತು ಕಟ್ಟಿದ ವಾರವೇ ಅದನ್ನು ತೆಗೆಸಿ. ಗಿರಾಕಿ ಬಾಗಿಲಿಗೆ ಬಂದ ಮೇಲೆ ಓಡಾಡಿದರೆ ಬೆಲೆ ಮುರಿಯಲು ಅದೊಂದು ನೆಪ.

ನಮ್ಮ ಹಿತ್ತಲಲ್ಲೇ ಆ ಹಿರಿಯರ ಮಗ ಅರ್ಜಿಗಾಗಿ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದ. ದುಡ್ಡು ಪೂರ್ತಿ ಬ್ಯಾಂಕ್ ಖಾತೆಗೇ ಹಾಕಿಸಿಕೊಂಡೆ. ಒಂದು ವ್ಯವಹಾರದಲ್ಲಿ 2 ಲಕ್ಷ ಅಥವಾ ಹೆಚ್ಚು ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು 2017ರಿಂದ ನಿಷೇಧಿಸಿದೆ, ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ. ನಾನು, ಆ ಹಿರಿಯರು ಕೂಡಿ ಗದಗಿನ ಆರ್‌ಟಿಒ ಕಚೇರಿಗೆ ಹೋಗಿ ಅರ್ಜಿ ಕೊಟ್ಟು ರಸೀದಿ ಪಡೆದ ಮೇಲೆಯೇ ಕೀಲಿ ಕೊಟ್ಟೆ. ಅವರು ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಅದಕ್ಕೂ ಕೊಂಡವರಿಗೆ 14 ದಿನದ ಗಡುವಿದೆ. ಹೆಸರು ಬದಲಾಗುವವರೆಗೆ ವಾರಕ್ಕೊಮ್ಮೆ ಅವರಿಗೆ ಫೋನ್ ಮಾಡುತ್ತಲೇ ಇದ್ದೆ, ಅವರೂ ಬೇಸರ ಮಾಡಿಕೊಳ್ಳಲಿಲ್ಲ.

ಟ್ರೇಲರ್ ಅವರಿಗೆ ಬೇಡವಾಗಿತ್ತು, ಅದನ್ನು ಬೇರೆ ಮಾರಬೇಕು. ಟ್ರೇಲರಿಗೆ ತನ್ನದೇ ನಂಬರ್, ತನ್ನದೇ ಆರ್‌ಸಿ ಇರುತ್ತದೆ. ಟ್ರ್ಯಾಕ್ಟರಿನ ಹೆಸರು ಬದಲಿಸಿ ಟ್ರೇಲರನ್ನು ಹಾಗೇ ಬಿಟ್ಟವರು ನಮ್ಮ ತಾಲ್ಲೂಕಿನಲ್ಲಿ ಬಹಳ ಮಂದಿ ಇದ್ದಾರೆ. ಅವರು ಈ ವಾರವೇ ಹಳೆ ಕಾಗದ ಹುಡುಕಿ, ಕೊಂಡವರಿಗೆ ಫೋನ್ ಹಚ್ಚಲಿ.