ಮ್ಯಾನಿಫೋಲ್ಡ್ ಬದಲಿಸುವ ಮುನ್ನ

ಶೆವ್ರೊಲೆಯ 350 ವಿ8 ಎಂಜಿನ್‌ಗಳು ಹೊರನೋಟಕ್ಕೆ ಒಂದೇ ಥರ. ಹಾಗೆಂದು ಹಳೆಯ ಇನ್‌ಟೇಕ್ ಮ್ಯಾನಿಫೋಲ್ಡನ್ನು ಹೊಸ ಹೆಡ್ ಮೇಲೆ ಬಲವಂತವಾಗಿ ಕೂರಿಸಬೇಡಿ. 1987ರಿಂದ ಬಂದ ಬೀಡುಕಬ್ಬಿಣದ ಹೆಡ್‌ಗಳಲ್ಲಿ ಪ್ರತಿ ಬದಿಯ ನಡುವಿನ ಎರಡು ಬೋಲ್ಟ್‌ಗಳ ಕೋನ ಬೇರೆ. ಮ್ಯಾನಿಫೋಲ್ಡಿನ ಆ ನಾಲ್ಕು ತೂತುಗಳನ್ನು ಅರದಿಂದ ತುಸು ಉದ್ದವಾಗಿಸಿ, ಬೋಲ್ಟ್ ತಲೆಯಡಿ ಓರೆ ವಾಷರ್ ಕೊಟ್ಟರೆ ಕೆಲಸವಾಗುತ್ತದೆ. ಉಜ್ಜುವ ಕೆಲಸ ಎಂಜಿನ್ನಿನಿಂದ ದೂರವೇ ಆಗಲಿ. ಅಲ್ಯೂಮಿನಿಯಂ ಪುಡಿ ಒಳಗೆ ಬೀಳಬಾರದು. 1996ರ ವೋರ್ಟೆಕ್ ಹೆಡ್‌ಗೆ ಮಾತ್ರ ಈ ಉಪಾಯ ನಡೆಯದು. ಅಲ್ಲಿ 12ರ ಬದಲು 8 ಬೋಲ್ಟ್, ಪೋರ್ಟ್‌ಗಳೂ ಎತ್ತರ. ಅದಕ್ಕೆಂದೇ ಮಾಡಿದ ಮ್ಯಾನಿಫೋಲ್ಡ್ ಕೊಳ್ಳುವುದೇ ಲೇಸು.

ಸೀಲಂಟ್ ಹಚ್ಚುವ ಮೊದಲು ಗ್ಯಾಸ್ಕೆಟ್ ಇಟ್ಟು ಒಮ್ಮೆ ಜೋಡಿಸಿ ನೋಡಿ. ಎಲ್ಲ ಬೋಲ್ಟ್‌ಗಳೂ ಬರಿಗೈಯಲ್ಲೇ ತಿರುಗಿ ಒಳಹೋಗಬೇಕು. ಗಾಳಿ ಸೋರಿದರೆ ಐಡ್ಲಿಂಗ್ ಏರುಪೇರಾಗುತ್ತದೆ, ಅದನ್ನು ಪತ್ತೆಹಚ್ಚಬಹುದು. ನನಗೆ ಹೆಚ್ಚು ಭಯ ತುದಿಗಳಲ್ಲಿರುವ ಕೂಲೆಂಟ್ ದಾರಿಗಳದ್ದು. ಅಲ್ಲಿ ಸೋರಿದ ನೀರು ನೇರ ಆಯಿಲ್‌ಗೆ ಇಳಿದು ಬೇರಿಂಗ್‌ಗಳನ್ನೇ ತಿನ್ನುತ್ತದೆ. ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ಎಂಜಿನ್ ನಿಲ್ಲಿಸಿ, ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ದಯವಿಟ್ಟು ಮತ್ತೆ ಸ್ಟಾರ್ಟ್ ಮಾಡಬೇಡಿ.