ಕುರಿಗಳ ಸ್ಕ್ರೇಪಿ ವ್ಯಾಧಿಯೂ ಮೆದುಳಿನ ಮಾರ್ಪಾಡುಗಳೂ

ಕತ್ರಿಗುಪ್ಪೆಯೇ ಮೊದಲಾಗಿ ಬೆಂಗಳೂರಿನೊಳಗೆ ಸೇರಿಹೋದ ಗ್ರಾಮಗಳಲ್ಲಿ ಮೇವಿನ ಬಯಲು ಉಳಿದಿಲ್ಲ. ಇಂತಹ ಕಡೆ ದನಕುರಿಗಳನ್ನು ಸಾಕುವವರು ಕೊಂಡುತಂದ ಆಹಾರವನ್ನೇ ನಂಬಬೇಕಾಗುವುದರಿಂದ, ಅದರಲ್ಲಿ ಏನು ಬೆರೆತಿದೆಯೆಂಬುದನ್ನು ಅರಿತಿರತಕ್ಕದ್ದು. ಇದರ ಅಗತ್ಯವನ್ನು ಪ್ರಯಾನ್ ವ್ಯಾಧಿಗಳು ತೋರಿಸಿಕೊಟ್ಟಿವೆ.

ಕುರಿಗಳ ಸ್ಕ್ರೇಪಿ, ದನಗಳ ಬಿ.ಎಸ್.ಇ. ಎಂಬ ವ್ಯಾಧಿಗಳಿಗೆ ಬ್ಯಾಕ್ಟೀರಿಯವಾಗಲಿ ವೈರಸ್ಸಾಗಲಿ ಕಾರಣವಲ್ಲ. ಮೆದುಳಿನಲ್ಲಿ ಸಹಜವಾಗಿರುವ ಪ್ರೋಟೀನೊಂದು ವಿಕಾರಗೊಂಡು, ನೆರೆಯ ಅಂತಹ ಪ್ರೋಟೀನುಗಳನ್ನೂ ತನ್ನಂತೆಯೇ ಮಾಡುವುದು. ಇದಕ್ಕೆ ಪ್ರೂಸಿನರ್ ಎಂಬ ವಿಜ್ಞಾನಿ 1982ರಲ್ಲಿ ಪ್ರಯಾನ್ ಎಂದು ಹೆಸರಿಟ್ಟರು.

ಜೀವಕೋಶದ ಡಿ.ಎನ್.ಎ.ಯನ್ನು ಗ್ರಂಥವೆಂದು ಭಾವಿಸಿದರೆ, ಅದರ ಮೇಲಣ ಮೀಥೈಲ್ ಗುರುತುಗಳು ಯಾವ ಪುಟವನ್ನು ಓದಬೇಕು, ಯಾವುದನ್ನು ಬಿಡಬೇಕೆಂಬುದನ್ನು ಸೂಚಿಸುವುವು. ಸ್ಕ್ರೇಪಿ ತಗುಲಿದ ಕುರಿಗಳ ಮೆದುಳಿನ ಥಾಲಮಸ್ ಭಾಗದಲ್ಲಿ ಈ ಗುರುತುಗಳು ಬದಲಾಗಿರುವುದನ್ನು ಸ್ಪೇನ್ ದೇಶದ ಸಂಶೋಧಕರು 2022ರಲ್ಲಿ ಪ್ರಕಟಿಸಿದರು. ಅಕ್ಷರಗಳು ಇದ್ದಂತೆಯೇ ಇದ್ದು, ಓದುವ ಕ್ರಮ ಮಾತ್ರ ಬೇರೆಯಾಯಿತೆಂದರ್ಥ.

ಈ ವ್ಯಾಧಿಗಳಿಗೆ ಔಷಧವಿಲ್ಲ. ಪ್ರಯಾನ್ ಕುದಿಸಿದರೂ ನಾಶವಾಗದು. ಬ್ರಿಟನ್ನಿನಲ್ಲಿ 1986ರಲ್ಲಿ ಗುರುತಿಸಲ್ಪಟ್ಟ ಬಿ.ಎಸ್.ಇ., ಮಾಂಸ ಮತ್ತು ಮೂಳೆಯ ಪುಡಿ ಬೆರೆಸಿದ ಆಹಾರದಿಂದ ಹರಡಿ, 1,80,000ಕ್ಕೂ ಹೆಚ್ಚು ದನಗಳಿಗೆ ತಗುಲಿತು. ಭಾರತದಲ್ಲಿ ಹಿಮಾಲಯದ ತಪ್ಪಲಿನ ಕುರಿಗಳಲ್ಲಿ ಸ್ಕ್ರೇಪಿ ಕಂಡುಬಂದುದು 1961ರಲ್ಲಿ ವರದಿಯಾಯಿತು. ಬಿ.ಎಸ್.ಇ.ಯ ಅಪಾಯ ನಗಣ್ಯವಾಗಿರುವ ದೇಶಗಳಲ್ಲಿ ಭಾರತವನ್ನು 2010ರಲ್ಲಿ ಸೇರಿಸಲಾಯಿತು.

ಈ ಸ್ಥಿತಿಯನ್ನು ಕಾಪಾಡುವುದು ಸಾಕುವವರ ಕೈಯಲ್ಲಿಯೂ ಇದೆ. ದನಕುರಿಗಳಿಗೆ ಹುಲ್ಲು, ಹಿಂಡಿ, ಬೂಸಾ ಕೊಡಿರಿ; ಕೋಳಿಗಾಗಿ ತಯಾರಿಸಿದ ಆಹಾರವನ್ನು ಹಾಕಬೇಡಿರಿ. ಪಶುವು ತೂರಾಡಿದರೆ, ಬೆದರಿದರೆ, ಮೈಯನ್ನು ಬಿಡದೆ ಉಜ್ಜಿಕೊಂಡರೆ ಪಶುವೈದ್ಯರಿಗೆ ತಿಳಿಸಿರಿ. ಅದು ಹುಚ್ಚುನಾಯಿ ಕಡಿತದ ಫಲವೂ ಆಗಿರಬಹುದಾದ್ದರಿಂದ ಬಾಯೊಳಗೆ ಕೈಯಿಡಲಾಗದು.