ಬಾಡಿಗೆ ಹೊಡೆಯೋಕೆ ಯಾವ ಟ್ರೇಲರ್? ಎರಡು ಚಕ್ರದ್ದೋ, ನಾಲ್ಕು ಚಕ್ರದ್ದೋ?

ಟ್ರ್ಯಾಕ್ಟರ್ ಇರುವ ಬಹಳಷ್ಟು ರೈತರು ತಮ್ಮ ಹೊಲದ ಕೆಲಸ ಮುಗಿದ ಮೇಲೆ ಬಾಡಿಗೆಗೂ ಹೋಗುತ್ತಾರೆ. ಹಂಗಾಮಿನಲ್ಲಿ ಕಾರ್ಖಾನೆಗೆ ಕಬ್ಬು, ಬೇಸಿಗೆಯಲ್ಲಿ ಕೊಟ್ಟಿಗೆ ಗೊಬ್ಬರ ಮತ್ತು ಕೆರೆ ಮಣ್ಣು, ಸುಗ್ಗಿಯಲ್ಲಿ ಮೆಕ್ಕೆಜೋಳ. ಟ್ರೇಲರ್ ಕೊಳ್ಳಲು ಹೋದಾಗ ಎಲ್ಲರೂ ಮೊದಲು ಕೇಳೋದು "ಎಷ್ಟು ಟನ್ ಹಿಡಿಯುತ್ತೆ?" ಅಂತ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಆ ಭಾರ ಎಲ್ಲಿ ಕೂರುತ್ತೆ? ಇಳಿಜಾರಿನಲ್ಲಿ ಅದನ್ನು ತಡೆಯೋದು ಯಾವುದು?

ಎರಡು ಚಕ್ರದ ಟ್ರೇಲರ್

ಇದರಲ್ಲಿ ಭಾರದ ಒಂದು ಪಾಲು ಹುಕ್ಕಿನ ಮೂಲಕ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಮೇಲೆ ಬೀಳುತ್ತದೆ. ಹಾಗಾಗಿ ಗಾಲಿಗೆ ಹಿಡಿತ ಚೆನ್ನಾಗಿ ಸಿಗುತ್ತದೆ. ಹಸಿ ಎರೆಹೊಲದಿಂದ ಮಾಲು ಹೊರತರಲು ಇದೇ ಅನುಕೂಲ. ರಿವರ್ಸ್ ತೆಗೆಯೋದೂ ಸುಲಭ.

ಆದರೆ ಹೇರುವಾಗ ಲೆಕ್ಕ ತಪ್ಪಬಾರದು. ಆಕ್ಸಲ್‌ನಿಂದ ಹುಕ್ಕಿಗೆ 3 ಮೀಟರ್ ದೂರ, ಹೇರಿದ ಮಾಲು 3 ಟನ್ ಅಂದುಕೊಳ್ಳಿ. ಮಾಲಿನ ನಡುಭಾರ ಆಕ್ಸಲ್‌ಗಿಂತ 30 ಸೆಂ.ಮೀ. ಮುಂದೆ ಇದ್ದರೆ ಹುಕ್ಕಿನ ಮೇಲೆ 300 ಕಿಲೋ ಭಾರ ಬೀಳುತ್ತದೆ. ಅದೇ ನಡುಭಾರ 30 ಸೆಂ.ಮೀ. ಹಿಂದಕ್ಕೆ ಹೋದರೆ 300 ಕಿಲೋ ಬಲ ಹುಕ್ಕನ್ನು ಮೇಲಕ್ಕೆ ಎತ್ತುತ್ತದೆ, ಹಿಂದಿನ ಗಾಲಿ ಹಿಡಿತ ಬಿಡುತ್ತದೆ. ಹಾಗಂತ ಎಲ್ಲವನ್ನೂ ಮುಂದಕ್ಕೆ ಒಟ್ಟಿದರೆ ಟ್ರ್ಯಾಕ್ಟರಿನ ಮುಂದಿನ ಗಾಲಿ ಹಗುರವಾಗಿ ಸ್ಟೇರಿಂಗ್ ಮಾತು ಕೇಳೋದಿಲ್ಲ. ಆಕ್ಸಲ್‌ಗಿಂತ ಸ್ವಲ್ಪವೇ ಮುಂದೆ ಭಾರ ಇರಲಿ.

ನಾಲ್ಕು ಚಕ್ರದ ಟ್ರೇಲರ್

ಇದು ತನ್ನ ಭಾರವನ್ನು ತಾನೇ ಹೊರುತ್ತದೆ. ಕಬ್ಬಿನಂಥ ಉದ್ದನೆಯ ಮಾಲಿಗೆ, ಡಾಂಬರು ರಸ್ತೆಯ ದೂರದ ಓಡಾಟಕ್ಕೆ ಇದು ಸರಿ. ಕಾರ್ಖಾನೆಯ ಸಾಲಿನಲ್ಲಿ ಬಿಚ್ಚಿ ನಿಲ್ಲಿಸಿದರೂ ನೆಟ್ಟಗೆ ನಿಲ್ಲುತ್ತದೆ. ಕೊರತೆ ಏನೆಂದರೆ, ಹುಕ್ಕಿನ ಮೇಲೆ ಭಾರ ಬೀಳದ ಕಾರಣ ಕೆಸರಿನಲ್ಲಿ ಟ್ರ್ಯಾಕ್ಟರಿನ ಗಾಲಿ ಬೇಗ ಜಾರುತ್ತದೆ. ಮುಂದಿನ ಆಕ್ಸಲ್ ಬೇರೆಯಾಗಿ ತಿರುಗುವುದರಿಂದ ರಿವರ್ಸ್ ತೆಗೆಯಲು ಚೆನ್ನಾಗಿ ಕೈ ಪಳಗಿರಬೇಕು.

ಹೈಡ್ರಾಲಿಕ್ ಬೇಕೇ?

ಗೊಬ್ಬರ, ಮಣ್ಣು, ಮರಳು ಹೊಡೆಯುವವರಿಗೆ ಬೇಕು. ಇಳಿಸುವ ಆಳಿನ ಕೂಲಿ ಉಳಿಯುತ್ತದೆ, ದಿನಕ್ಕೆ ಹೆಚ್ಚು ಟ್ರಿಪ್ ಆಗುತ್ತದೆ. ಕಬ್ಬನ್ನು ಕಾರ್ಖಾನೆಯಲ್ಲಿ ಕ್ರೇನಿನಿಂದ ಇಳಿಸುವುದಾದರೆ ಅದಕ್ಕೆ ಹಣ ಹಾಕಬೇಕಿಲ್ಲ. ಹೈಡ್ರಾಲಿಕ್ ಇದ್ದರೆ ಖಾಲಿ ಟ್ರೇಲರಿನ ತೂಕವೂ ಹೆಚ್ಚು. ಡಬ್ಬಿ ಎತ್ತುವ ಮೊದಲು ನೆಲ ಸಮತಟ್ಟಾಗಿದೆಯೇ, ಮೇಲೆ ಕರೆಂಟ್ ತಂತಿ ಇದೆಯೇ ನೋಡಿ. ಎತ್ತಿದ ಡಬ್ಬಿಗೆ ಗಟ್ಟಿ ಆಸರೆ ಕೊಡದೆ ಕೆಳಗೆ ಹೋಗಬೇಡಿ.

ಇಳಿಜಾರಿನ ಲೆಕ್ಕ

45-50 ಎಚ್.ಪಿ. ಟ್ರ್ಯಾಕ್ಟರಿನ ತೂಕ ಸುಮಾರು 2 ಟನ್. ಹಿಂದೆ ಮಾಲು ಸೇರಿ 8 ಟನ್ ಟ್ರೇಲರ್ ಇದ್ದರೆ ಒಟ್ಟು 10 ಟನ್. ಟ್ರೇಲರಿಗೆ ಬ್ರೇಕ್ ಇಲ್ಲದಿದ್ದರೆ ಅಷ್ಟನ್ನೂ ಆ 2 ಟನ್ ಟ್ರ್ಯಾಕ್ಟರೇ ನಿಲ್ಲಿಸಬೇಕು. 10 ಅಡಿಗೆ 1 ಅಡಿ ಇಳಿಯುವ ರಸ್ತೆಯಲ್ಲಿ ಆ ಟ್ರೇಲರ್ ಸುಮಾರು 800 ಕಿಲೋ ಬಲದಿಂದ ಹಿಂದಿನಿಂದ ನೂಕುತ್ತದೆ. ಎಚ್.ಪಿ. ಇದ್ದರೆ ಎಳೆಯಬಹುದು, ಆದರೆ ಎಳೆದದ್ದನ್ನೆಲ್ಲ ನಿಲ್ಲಿಸಲು ಆಗೋದಿಲ್ಲ. ಎರಡು ಟ್ರೇಲರ್ ಜೋಡಿಸುವವರು ಇದನ್ನು ಎರಡು ಸಲ ಯೋಚಿಸಬೇಕು. ಆದ್ದರಿಂದ:

- ಬ್ರೇಕ್ ಇರುವ ಟ್ರೇಲರ್ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ತಗೊಳ್ಳಿ.
- ಇಳಿಜಾರು ಶುರುವಾಗುವ ಮೊದಲೇ ಲೋ ಗೇರಿಗೆ ಬನ್ನಿ. ನ್ಯೂಟ್ರಲ್‌ನಲ್ಲಿ ಇಳಿಸಬೇಡಿ.
- ರಸ್ತೆಗೆ ಬಂದ ಕೂಡಲೇ ಎಡ-ಬಲ ಬ್ರೇಕ್ ಪೆಡಲುಗಳನ್ನು ಕೂಡಿಸಿ ಲಾಕ್ ಮಾಡಿ.
- ಹುಕ್ಕಿನ ಪಿನ್ನಿಗೆ ಲಾಕ್ ಇರಲಿ, ಜೊತೆಗೆ ಸರಪಳಿಯೂ ಇರಲಿ. ಟಾಪ್ ಲಿಂಕಿಗೆ ಕಟ್ಟಿ ಎಳೆಯಬೇಡಿ, ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ.

ಕಾಗದಪತ್ರ

ಟ್ರೇಲರಿಗೂ ನೋಂದಣಿ ಬೇಕು. ವಿಮೆಯಲ್ಲಿ ಟ್ರ್ಯಾಕ್ಟರ್ ಜೊತೆ ಟ್ರೇಲರ್ ಕೂಡ ಸೇರಿದೆಯೇ ಓದಿ ನೋಡಿ. ಕೃಷಿ ಬಳಕೆಗೆಂದು ವಿಮೆ ಮಾಡಿಸಿದ ಗಾಡಿ ಬಾಡಿಗೆಯಲ್ಲಿದ್ದಾಗ ಅಪಘಾತವಾದರೆ ಪರಿಹಾರಕ್ಕೆ ತಕರಾರು ಬರುತ್ತದೆ. ಬಾಡಿಗೆಯೇ ಕಸುಬಾದರೆ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ ಅದಕ್ಕೆ ತಕ್ಕ ನೋಂದಣಿ, ವಿಮೆ ಮಾಡಿಸಿ. ಮಾಲಿನ ಮೇಲೆ ಆಳುಗಳನ್ನು ಕೂರಿಸಬೇಡಿ. ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಅಂಟಿಸಿ, ಕಬ್ಬಿನ ಸೋಗೆ ಅದನ್ನು ಮುಚ್ಚದ ಹಾಗೆ ನೋಡಿಕೊಳ್ಳಿ. ರಾತ್ರಿ ರಸ್ತೆ ಬದಿ ಕತ್ತಲಲ್ಲಿ ನಿಂತ ಟ್ರೇಲರ್ ಬೈಕಿನವರಿಗೆ ಕಾಣೋದಿಲ್ಲ.

ಯಾರಿಗೆ ಯಾವುದು?

ಹೊಲದಿಂದ ಊರಿಗೆ, ಸಣ್ಣ ದೂರ, ಕೆಸರು ದಾರಿ: ಎರಡು ಚಕ್ರದ್ದು. ಗೊಬ್ಬರ, ಮಣ್ಣಿನ ಬಾಡಿಗೆಯೇ ಹೆಚ್ಚಾದರೆ ಅದರಲ್ಲೇ ಹೈಡ್ರಾಲಿಕ್. ಕಾರ್ಖಾನೆಗೆ ಕಬ್ಬು, ಉದ್ದನೆಯ ರಸ್ತೆ: ನಾಲ್ಕು ಚಕ್ರದ್ದು. ವರ್ಷದಲ್ಲಿ ಹೆಚ್ಚು ದಿನ ಸಿಗುವ ಬಾಡಿಗೆ ಯಾವುದೋ ಅದಕ್ಕೆ ತಕ್ಕದ್ದನ್ನು ಕೊಳ್ಳಿ. ಎಷ್ಟು ಹೇರಬೇಕು ಅನ್ನೋದನ್ನು ಮಾತ್ರ ನಿಮ್ಮ ದಾರಿಯ ಅತಿ ಕಡಿದಾದ ಇಳಿಜಾರು ನೋಡಿ ತೀರ್ಮಾನಿಸಿ.